ಮಂಡ್ಯದ ‘ಆಲು’, ರಾರೊಟೊಂಗಾದ ‘ಇತು’: ಪಾಲಿನೇಷ್ಯನ್ ಭಾಷಾಸಂಶೋಧನೆಗೆ ಮೈಸೂರಿನಲ್ಲಿದ್ದೇ ಸಿದ್ಧರಾಗುವ ಬಗೆ

ಪೆಸಿಫಿಕ್ ಸಾಗರದ ದ್ವೀಪಗಳ ಭಾಷೆಗಳ ಮೇಲೆ ಸಂಶೋಧನೆ ಮಾಡಬೇಕೆನ್ನುವ ವಿದ್ಯಾರ್ಥಿಗೆ ನಾನು ಮೊದಲು ಹೇಳುವುದು ಮಂಡ್ಯದ ಬಸ್ಸು ಹತ್ತಿರಿ ಎಂದು. ಮಳವಳ್ಳಿಯ ಕಡೆಗೋ ನಾಗಮಂಗಲದ ಕಡೆಗೋ ಹೋಗಿ, ಹಿರಿಯರೊಬ್ಬರ ಅನುಮತಿ ಪಡೆದು, ಅವರ ಮಾತನ್ನು ಅರ್ಧ ಗಂಟೆ ಧ್ವನಿಮುದ್ರಿಸಿಕೊಂಡು ಬನ್ನಿ. ಕೋಣೆಗೆ ಮರಳಿ ಅದನ್ನು ಅಕ್ಷರಕ್ಕಿಳಿಸುವಾಗ ಹಾಲು ‘ಆಲು’ ಎಂದೂ ಹೋಗು ‘ಓಗು’ ಎಂದೂ ಹಳ್ಳಿ ‘ಅಳ್ಳಿ’ ಎಂದೂ ಕೇಳಿಸುತ್ತದೆ. ಪಂಪನ ಕಾಲದಲ್ಲಿ ‘ಪಾಲ್’ ಎಂದಿದ್ದ ಪದ ‘ಹಾಲು’ ಆಗಿ, ಮಂಡ್ಯದ ಬಾಯಲ್ಲಿ ಆ ಹಕಾರವನ್ನೂ ಕಳೆದುಕೊಂಡಿದೆ. ಈ ಬದಲಾವಣೆ ಒಂದೆರಡು ಪದಗಳದ್ದಲ್ಲ, ಪದದ ಮೊದಲಲ್ಲಿ ಹಕಾರವಿರುವ ಕಡೆಯಲ್ಲೆಲ್ಲ ಇದು ಕ್ರಮವಾಗಿ ಕಾಣುತ್ತದೆ ಎಂಬುದನ್ನು ಸ್ವಂತ ಕಿವಿಯಿಂದ ಖಚಿತಪಡಿಸಿಕೊಂಡವರಿಗೆ ತೌಲನಿಕ ಭಾಷಾವಿಜ್ಞಾನದ ಅರ್ಧ ಪಾಠ ಅಲ್ಲಿಯೇ ಆಗಿರುತ್ತದೆ.

ಈಗ ‘ಏಳು’ ಎಂಬ ಸಂಖ್ಯೆಯನ್ನು ಸಾಗರದುದ್ದಕ್ಕೂ ಹಿಂಬಾಲಿಸಿ ನೋಡಿ. ಜಾವಾದ ಭಾಷೆಯಲ್ಲಿ ಅದು ‘ಪಿತು’. ಫಿಜಿಯಲ್ಲಿ ‘ವಿತು’, ಟೊಂಗಾ ಮತ್ತು ಸಮೋವಾಗಳಲ್ಲಿ ‘ಫಿತು’, ತಾಹಿತಿಯಲ್ಲಿ ‘ಹಿತು’, ಹವಾಯಿಯಲ್ಲಿ ‘ಹಿಕು’. ಕುಕ್ ದ್ವೀಪಗಳ ರಾರೊಟೊಂಗಾದಲ್ಲಿ ಅದು ‘ಇತು’. ಅಲ್ಲಿ ಹಕಾರದ ಜಾಗದಲ್ಲಿ ಗಂಟಲಲ್ಲಿ ಉಸಿರನ್ನು ಕ್ಷಣ ಹಿಡಿದು ಬಿಡುವ ಧ್ವನಿಯೊಂದು ಉಳಿದಿದೆ. ಪಕಾರ ಸಡಿಲಗೊಂಡು ಹಕಾರವಾಗಿ, ಅನಂತರ ಹಕಾರವೂ ಕರಗುವ ಈ ದಾರಿ ಕನ್ನಡಿಗರಿಗೆ ಹೊಸದಲ್ಲ. ಹಾಗೆಂದ ಮಾತ್ರಕ್ಕೆ ಆ ಭಾಷೆಗಳು ಕನ್ನಡದ ನೆಂಟರಲ್ಲ. ಮನುಷ್ಯರ ಬಾಯಿ ಎಲ್ಲೆಡೆಯೂ ಒಂದೇ ಬಗೆಯಲ್ಲಿ ಸೋಮಾರಿಯಾಗುತ್ತದೆ, ಅಷ್ಟೆ.

ನೆಂಟಸ್ತಿಕೆಯ ವಿಷಯವನ್ನು ಆರಂಭದಲ್ಲಿಯೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ನಮ್ಮ ಕಡೆಯಿಂದ ಹೋಗುವವರು ಎಡವುವುದು ಇಲ್ಲಿಯೇ. 1885ರಲ್ಲಿ ನ್ಯೂಜಿಲೆಂಡಿನ ಎಡ್ವರ್ಡ್ ಟ್ರೆಗಿಯರ್ ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳು ಆರ್ಯರೆಂದು ವಾದಿಸುವ ಪುಸ್ತಕವೊಂದನ್ನು ಬರೆದು, ಹಸುವನ್ನೇ ಕಾಣದಿದ್ದ ದ್ವೀಪದವರ ಪದಗಳಲ್ಲಿ ಸಂಸ್ಕೃತದ ಗೋವಿನ ನೆನಪನ್ನು ಹುಡುಕಿದರು. ಇದೇ ವ್ಯಕ್ತಿ 1891ರಲ್ಲಿ ಪ್ರಕಟಿಸಿದ, ಮಾವೊರಿಯನ್ನು ಇತರ ಪಾಲಿನೇಷ್ಯನ್ ಭಾಷೆಗಳೊಂದಿಗೆ ಹೋಲಿಸುವ ತೌಲನಿಕ ನಿಘಂಟು ಮಾತ್ರ ನಿಜವಾಗಿಯೂ ಉಪಯುಕ್ತವಾದ ಕೆಲಸ. ಒಂದೇ ತಲೆಯಲ್ಲಿ ಎರಡೂ ಹುಟ್ಟಬಲ್ಲವು ಎಂಬುದು ನೆನಪಿರಲಿ. ಮಾವೊರಿಯಲ್ಲಿ ಕಣ್ಣಿಗೆ ‘ಮತ’ ಎನ್ನುತ್ತಾರೆ, ಇಂದಿನ ಗ್ರೀಕ್ ಭಾಷೆಯಲ್ಲಿ ‘ಮಾತಿ’ ಎನ್ನುತ್ತಾರೆ. ಅದು ಬರಿಯ ಆಕಸ್ಮಿಕ. ಹೆಸರಿನ ಗೊಂದಲವೂ ಒಂದಿದೆ: ನಮ್ಮ ಮುಂಡಾರಿ, ಸಂತಾಲಿ, ಖಾಸಿ, ನಿಕೋಬಾರಿ ಭಾಷೆಗಳು ಆಸ್ಟ್ರೊಏಷ್ಯಾಟಿಕ್ ಕುಟುಂಬದವು, ಪಾಲಿನೇಷ್ಯನ್ ಭಾಷೆಗಳು ಆಸ್ಟ್ರೊನೇಷ್ಯನ್ ಕುಟುಂಬದವು. ಸುಮಾರು 1,200 ಭಾಷೆಗಳ ಈ ಎರಡನೆಯ ಕುಟುಂಬದಲ್ಲಿ ಓಶಿಯಾನಿಕ್ ಎಂಬ ಶಾಖೆ 450ಕ್ಕೂ ಹೆಚ್ಚು ಭಾಷೆಗಳದ್ದು. ಪಾಲಿನೇಷ್ಯನ್ ಅದರೊಳಗಿನ, ನಲವತ್ತರ ಆಸುಪಾಸಿನ ಭಾಷೆಗಳಿರುವ, ಚಿಕ್ಕ ಕೊಂಬೆ.

ಎರಡನೆಯ ಹಂತ ಕೋಷ್ಟಕ ಬರೆಯುವುದು. ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ಬ್ರೂಸ್ ಬಿಗ್ಸ್ 1965ರಲ್ಲಿ ಆರಂಭಿಸಿದ ‘ಪೊಲೆಕ್ಸ್’ ಎಂಬ ತೌಲನಿಕ ಪದಕೋಶ ಈಗ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ದ್ರಾವಿಡ ಭಾಷೆಗಳಿಗೆ ಬರೋ ಮತ್ತು ಎಮೆನೋ ಅವರ ಜ್ಞಾತಿಪದಕೋಶ (ಒಂದೇ ಮೂಲದಿಂದ ಬಂದ ಪದಗಳ ಕೋಶ) ಹೇಗೋ ಪಾಲಿನೇಷ್ಯನ್ ಭಾಷೆಗಳಿಗೆ ಇದು ಹಾಗೆ. ಶಾಲಾ ಮಾಸ್ತರರಾಗಿದ್ದ ಬಿಗ್ಸ್ 1951ರಲ್ಲಿ ಆಕ್ಲೆಂಡಿನಲ್ಲಿ ಮಾವೊರಿ ಭಾಷೆಯ ಅಧ್ಯಾಪಕರಾದವರು, ಸ್ವತಃ ಮಾವೊರಿ. 2000ದಲ್ಲಿ ಅವರು ತೀರಿಕೊಂಡ ಮೇಲೆಯೂ ರಾಸ್ ಕ್ಲಾರ್ಕ್ ಅದನ್ನು ಬೆಳೆಸಿದರು. ಸಂಶೋಧಕರ ಬಾಳಿನ ಮುಖ್ಯ ಕೆಲಸ ಹಲವೊಮ್ಮೆ ಹೀಗೆ ಮುಗಿಯದ ಪಟ್ಟಿಯೇ ಆಗಿರುತ್ತದೆ. ಅದು ಒಗ್ಗದವರು ಈ ಕ್ಷೇತ್ರಕ್ಕೆ ಬರದಿರುವುದೇ ಲೇಸು. ಪೊಲೆಕ್ಸಿನಿಂದ ಐವತ್ತು ಪದಗಳನ್ನು ಆಯ್ದು, ಟೊಂಗನ್, ಸಮೋವನ್, ಮಾವೊರಿ, ತಾಹಿತಿಯನ್, ಹವಾಯಿಯನ್ ಭಾಷೆಗಳ ರೂಪಗಳನ್ನು ಕೈಯಿಂದಲೇ ಅಕ್ಕಪಕ್ಕ ಬರೆಯಿರಿ. ನಕಲು ಮಾಡಿ ಅಂಟಿಸಿದರೆ ಕಣ್ಣಿಗೆ ಏನೂ ಹತ್ತುವುದಿಲ್ಲ.

ಬರೆದ ಮೇಲೆ ನಿಜವಾದ ಪ್ರಶ್ನೆ ಎದುರಾಗುತ್ತದೆ: ಯಾವ ಭಾಷೆ ಯಾವುದಕ್ಕೆ ಹತ್ತಿರ? ಇಲ್ಲಿ ನಿಧಾನಿಸಬೇಕು. ಹುಲಿಯನ್ನು ತುಳುವರು ‘ಪಿಲಿ’ ಎನ್ನುತ್ತಾರೆ, ತಮಿಳರೂ ತೆಲುಗರೂ ‘ಪುಲಿ’ ಎನ್ನುತ್ತಾರೆ. ಹಾಗಾದರೆ ಈ ಮೂರೂ ಒಂದು ಗುಂಪು, ಕನ್ನಡ ಹೊರಗಿನದು ಎನ್ನಲಾದೀತೆ? ಆಗದು, ಅವು ಹಳೆಯ ಪಕಾರವನ್ನು ಬಿಡದೆ ಇಟ್ಟುಕೊಂಡಿವೆ, ಅಷ್ಟೆ. ಹಳೆಯದನ್ನು ಉಳಿಸಿಕೊಂಡಿರುವುದು ಹತ್ತಿರದ ಸಂಬಂಧಕ್ಕೆ ಸಾಕ್ಷಿಯಾಗುವುದಿಲ್ಲ, ಒಟ್ಟಾಗಿ ಹೊಸದನ್ನು ಮಾಡಿಕೊಂಡಿರುವುದು ಮಾತ್ರ ಆಗುತ್ತದೆ. ಇದೇ ತತ್ವದಿಂದ 1966ರಲ್ಲಿ ಆಂಡ್ರೂ ಪಾಲಿ ಮತ್ತು ರೋಜರ್ ಗ್ರೀನ್ ಪಾಲಿನೇಷ್ಯನ್ ಭಾಷೆಗಳ ಒಳಗುಂಪುಗಳನ್ನು ಗಟ್ಟಿಗೊಳಿಸಿದರು. ಪಾಲಿನೇಷ್ಯನ್ ಭಾಷೆಗಳೆಲ್ಲ ಕವಲೊಡೆದ ಮೂಲಭಾಷೆಯಲ್ಲಿ ಲಕಾರವೂ ರಕಾರವೂ ಬೇರೆಬೇರೆಯಾಗಿದ್ದವು: ಮನೆಗೆ ‘ಫಲೆ’, ಎರಡಕ್ಕೆ ‘ರುಅ’. ಟೊಂಗನ್ ರಕಾರವನ್ನು ಕಳೆದುಕೊಂಡಿತು. ಅಲ್ಲಿ ‘ಫಲೆ’, ‘ಉಅ’. ಸಮೋವನ್‌ನಲ್ಲಿ ಎರಡೂ ಲಕಾರವೇ ಆದವು: ‘ಫಲೆ’, ‘ಲುಅ’. ಮಾವೊರಿಯಲ್ಲಿ ಎರಡೂ ರಕಾರ: ‘ಫರೆ’, ‘ರುಅ’. ಮಾವೊರಿಯಲ್ಲಿ ರ, ಸಮೋವನ್‌ನಲ್ಲಿ ಲ ಎಂದು ನೋಡಿ ಅವೆರಡನ್ನು ದೂರದವೆಂದು ಭಾವಿಸುವುದು ಸುಲಭದ ತಪ್ಪು. ಎರಡು ಧ್ವನಿಗಳು ಒಂದಾದ ಘಟನೆಯನ್ನು ಅವು ಹಂಚಿಕೊಂಡಿವೆ, ಟೊಂಗನ್ ಮತ್ತು ನಿಯುವೆ ದ್ವೀಪದ ಭಾಷೆ ಹಂಚಿಕೊಂಡಿಲ್ಲ ಎಂಬುದೇ ಮುಖ್ಯ.

ವ್ಯಾಕರಣಕ್ಕೆ ಬಂದರೆ ಕರಾವಳಿಯ ಗೆಳೆಯರಿರುವವರು ಅದೃಷ್ಟವಂತರು. ಕನ್ನಡದ ‘ನಾವು’ ಎದುರಿನವರನ್ನು ಸೇರಿಸಿಕೊಂಡಿದೆಯೋ ಇಲ್ಲವೋ ಹೇಳುವುದಿಲ್ಲ. ತುಳುವಿನಲ್ಲಿ ‘ನಮ’ ಎಂದರೆ ನಿಮ್ಮನ್ನೂ ಸೇರಿಸಿ, ‘ಎಂಕುಲು’ ಎಂದರೆ ನಿಮ್ಮನ್ನು ಬಿಟ್ಟು. ಮಾವೊರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇಬ್ಬರನ್ನೂ ಹಲವರನ್ನೂ ಪ್ರತ್ಯೇಕಿಸುತ್ತದೆ: ‘ತಾಉಅ’ ಎಂದರೆ ನಾನು ಮತ್ತು ನೀನು, ‘ಮಾಉಅ’ ಎಂದರೆ ನಿನ್ನನ್ನು ಬಿಟ್ಟು ನಾವಿಬ್ಬರು, ‘ತಾತೊಉ’ ಮತ್ತು ‘ಮಾತೊಉ’ ಮೂವರು ಅಥವಾ ಹೆಚ್ಚಿನವರಿಗೆ. ಒಡೆತನವನ್ನು ಹೇಳುವಾಗ ಅಕಾರ ಮತ್ತು ಒಕಾರಗಳ ಆಯ್ಕೆ ಇನ್ನೂ ಸ್ವಾರಸ್ಯದ್ದು. ನನ್ನ ಮಗು, ನನ್ನ ಊಟ ಎನ್ನಲು ಒಂದು ರೂಪ. ನನ್ನ ತಂದೆ, ನನ್ನ ಮನೆ ಎನ್ನಲು ಇನ್ನೊಂದು. ಸಂಬಂಧವು ನನ್ನ ಕೈಯಲ್ಲಿದೆಯೋ, ನಾನು ಅದರೊಳಗೆ ಹುಟ್ಟಿದ್ದೇನೋ ಎಂಬ ವಿವೇಚನೆ ಅಲ್ಲಿ ಸ್ಥೂಲವಾಗಿ ಕೆಲಸ ಮಾಡುತ್ತದೆ. ನಮ್ಮ ಲಿಪಿ ಹ್ರಸ್ವದೀರ್ಘಗಳನ್ನು ತಾನಾಗಿ ತೋರಿಸುವುದೂ ಒಂದು ಅನುಕೂಲ: ಮಾವೊರಿಯಲ್ಲಿ ‘ಕೆಕೆ’ ಎಂದರೆ ಕೇಕು, ‘ಕೇಕೇ’ ಎಂದರೆ ಕಂಕುಳು.

ಮೈಸೂರಿನಲ್ಲಿ ಯಾವುದು ಸಿಗುತ್ತದೆ? 1969ರಲ್ಲಿ ಇಲ್ಲಿ ಸ್ಥಾಪನೆಯಾದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯ ಕೆಲಸ ಹೆಸರೇ ಹೇಳುವಂತೆ ಭಾರತೀಯ ಭಾಷೆಗಳದ್ದು; ಆದರೆ ಕ್ಷೇತ್ರಕಾರ್ಯ, ಧ್ವನಿವಿಜ್ಞಾನಗಳ ತಳಹದಿಗೆ ಅಲ್ಲಿನ ಗ್ರಂಥಾಲಯವನ್ನು ಬಳಸಿಕೊಳ್ಳಬೇಕು. ಈ ಊರಿನಲ್ಲಿಯೇ ನೆಲೆಸಿದ್ದ ಡಿ. ಎನ್. ಶಂಕರ ಭಟ್ಟರು ಜಗತ್ತಿನ ನಾನಾ ಕಡೆಯ ಭಾಷೆಗಳ ಸರ್ವನಾಮಗಳನ್ನು ಹೋಲಿಸಿ 2004ರಲ್ಲಿ ಪುಸ್ತಕ ಬರೆದರೆಂಬುದು ದೂರದ ಭಾಷೆ ನಮಗೇಕೆ ಎನ್ನುವವರಿಗೆ ಸಾಕಷ್ಟು ಉತ್ತರ. ಉಳಿದದ್ದು ಅಂತರಜಾಲದಲ್ಲಿದೆ: 1892ರಿಂದ ನಡೆದುಬಂದಿರುವ ಪಾಲಿನೇಷಿಯನ್ ಸೊಸೈಟಿಯ ಪತ್ರಿಕೆಯ ಹಳೆಯ ಸಂಚಿಕೆಗಳು, ಮೂಲ ಓಶಿಯಾನಿಕ್ ಪದಸಂಪತ್ತಿನ ಕುರಿತು ಕ್ಯಾನ್‌ಬೆರಾದಿಂದ ಬಂದ ಸಂಪುಟಗಳು, ಧ್ವನಿಮುದ್ರಿಕೆಗಳಿಗಾಗಿ 2003ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಪ್ಯಾರಡಿಸೆಕ್ ಭಂಡಾರ. ಬರಹಕ್ಕಿಳಿಸಲು ಎಲಾನ್, ಧ್ವನಿ ವಿಶ್ಲೇಷಣೆಗೆ ಪ್ರಾಟ್ ಎಂಬ ಉಚಿತ ತಂತ್ರಾಂಶಗಳನ್ನು ಮಂಡ್ಯದ ಧ್ವನಿಮುದ್ರಿಕೆಯ ಮೇಲೆಯೇ ಕಲಿತುಬಿಡಿ. ತಾಹಿತಿ ಅಥವಾ ನ್ಯೂ ಕ್ಯಾಲಿಡೋನಿಯ ನಿಮ್ಮ ಗುರಿಯಾದರೆ ಫ್ರೆಂಚ್ ಬೇಕು.

ಡಾಕ್ಟರೇಟಿಗೆ ಆಕ್ಲೆಂಡ್, ಹವಾಯಿ ವಿಶ್ವವಿದ್ಯಾನಿಲಯದ ಮಾನೋಆ ಆವರಣ, ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿ ಇವು ಹಳೆಯ ನೆಲೆಗಳು. ವಿಷಯ ಆರಿಸುವಾಗ ಮಾವೊರಿ, ಹವಾಯಿಯನ್‌ಗಳಿಗೆ ನೇರವಾಗಿ ಕೈಹಾಕಬೇಡಿ ಎಂಬುದು ನನ್ನ ಅಭಿಪ್ರಾಯ. ಆ ಸಮುದಾಯಗಳ ವಿದ್ವಾಂಸರೇ ಅಲ್ಲಿ ಸಮರ್ಥವಾಗಿ ದುಡಿಯುತ್ತಿದ್ದಾರೆ. ಮುಖ್ಯ ಪಾಲಿನೇಷಿಯಾದಿಂದ ಪಶ್ಚಿಮಕ್ಕೆ ಚದುರಿಹೋಗಿರುವ ಟಿಕೋಪಿಯ, ರೆನೆಲ್, ನುಕುಒರೊ ಮುಂತಾದ ಹೊರದ್ವೀಪಗಳ ಭಾಷೆಗಳು ಒಳಗುಂಪಿನ ಚರ್ಚೆಯಲ್ಲಿ ಇಂದಿಗೂ ಜೀವಂತ ಪ್ರಶ್ನೆಗಳು. ಕ್ಷೇತ್ರಕಾರ್ಯಕ್ಕೆ ಹೋಗುವ ಮುನ್ನ ಆಯಾ ದೇಶದ ಅನುಮತಿ ಬೇಕು. ವನುವಾಟು ದೇಶವು 1985ರಿಂದ 1994ರವರೆಗೆ ವಿದೇಶಿ ಸಂಶೋಧಕರ ಮಾನವಿಕ ಕ್ಷೇತ್ರಕಾರ್ಯವನ್ನೇ ತಡೆಹಿಡಿದಿತ್ತು. ಈಗಲೂ ಅಲ್ಲಿನ ಸಾಂಸ್ಕೃತಿಕ ಕೇಂದ್ರದ ಒಪ್ಪಿಗೆಯಿಲ್ಲದೆ ಕೆಲಸ ಆರಂಭಿಸುವಂತಿಲ್ಲ.

ಮಾರ್ಗದರ್ಶಕರಿಗೆ ಬರೆಯುವ ಪತ್ರದಲ್ಲಿ ಚಿಕ್ಕಂದಿನಿಂದಲೂ ಭಾಷೆಗಳ ಮೇಲೆ ಪ್ರೀತಿಯಿತ್ತು ಎಂಬ ಮಾತು ಬೇಡ. ಐವತ್ತು ಪದಗಳ ಕೋಷ್ಟಕವನ್ನೂ, ಅದರಲ್ಲಿ ನಿಯಮಕ್ಕೆ ಒಗ್ಗದ ಒಂದು ಪದವನ್ನೂ ಕಳುಹಿಸಿ. ಉದಾಹರಣೆಗೆ, ಐದಕ್ಕೆ ಮೂಲಭಾಷೆಯ ಪದ ‘ಲಿಮ’. ಸಮೋವನ್‌ನಲ್ಲಿಯೂ ಹವಾಯಿಯನ್‌ನಲ್ಲಿಯೂ ‘ಲಿಮ’, ಮಾವೊರಿಯಲ್ಲಿ ‘ರಿಮ’. ‘ಫಲೆ’ಯಲ್ಲಿ ಲಕಾರವನ್ನು ಉಳಿಸಿಕೊಂಡ ಟೊಂಗನ್ ಮಾತ್ರ ಇಲ್ಲಿ ‘ನಿಮ’ ಎನ್ನುತ್ತದೆ. ನಂತರ ಬರುವ ಮಕಾರದ ಮೂಗು ಲಕಾರಕ್ಕೂ ತಗುಲಿತೆ ಎಂದು ಊಹಿಸಿ, ಟೊಂಗನ್‌ನಲ್ಲಿ ಲಕಾರದ ನಂತರ ಮಕಾರವಿರುವ ಬೇರೆ ಪದಗಳನ್ನು ಹುಡುಕಿ, ಊಹೆ ನಿಂತರೂ ಬಿದ್ದರೂ ಅದನ್ನು ಒಂದೂವರೆ ಪುಟದಲ್ಲಿ ಬರೆದು ಲಗತ್ತಿಸಿ.