ಅಡುಗೆ ಕಲಿಯಲು ಬಸ್ಸಾರಿನಿಂದ ಶುರು ಮಾಡಿ

ಹೊಸದಾಗಿ ಅಡುಗೆಮನೆಗೆ ಬಂದವರಿಗೆ ಎಲ್ಲರೂ ಉಪ್ಪಿಟ್ಟು, ಚಿತ್ರಾನ್ನ ಹೇಳಿಕೊಡುತ್ತಾರೆ. ನನ್ನನ್ನು ಕೇಳಿದರೆ ಬಸ್ಸಾರು, ಅಂದರೆ ಬೇಳೆ-ಸೊಪ್ಪು ಬೇಯಿಸಿ ಬಸಿದ ನೀರಿನ ಸಾರು, ಮಾಡಿ ಅಂತೀನಿ. ಮಂಡ್ಯ, ಮೈಸೂರು, ಹಾಸನದ ಕಡೆ ಮುದ್ದೆಯ ಜೊತೆ ವಾರಕ್ಕೊಮ್ಮೆಯಾದರೂ ಇದು ಇರಲೇಬೇಕು. ಬೇಳೆ ಬೇಯಿಸುವುದು, ಸೊಪ್ಪು ತೊಳೆಯುವುದು, ಮಸಾಲೆ ಹುರಿದು ರುಬ್ಬುವುದು, ಒಗ್ಗರಣೆ ಹಾಕುವುದು ಎಲ್ಲವೂ ಈ ಒಂದೇ ಅಡುಗೆಯಲ್ಲಿ ಕೈಗೆ ಹತ್ತುತ್ತವೆ. ಸಾರೂ ಆಗುತ್ತದೆ, ಪಲ್ಯವೂ ಆಗುತ್ತದೆ.

ನಾಲ್ಕು ಜನಕ್ಕೆ ಬೇಕಾದ್ದು ಇಷ್ಟು: ಒಂದು ಲೋಟ ತೊಗರಿಬೇಳೆ, ದಂಟಿನ ಸೊಪ್ಪು ಅಥವಾ ಸಬ್ಬಸಿಗೆ ಸೊಪ್ಪು ಎರಡು ಕಟ್ಟು, ಎರಡು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಒಂದು ಟೊಮೆಟೊ, ಒಂದು ಹೋಳು ತೆಂಗಿನಕಾಯಿಯ ತುರಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಜೀರಿಗೆ, ಕಾಳುಮೆಣಸು, ಮನೆಯಲ್ಲಿರುವ ಸಾರಿನ ಪುಡಿ. ಒಗ್ಗರಣೆಗೆ ಎಣ್ಣೆ, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು.

ಮೊದಲು ಬೇಳೆ ತೊಳೆದು ಅರ್ಧ ಗಂಟೆ ನೆನೆಯಲು ಬಿಡಿ. ಅದು ನೆನೆಯುವಷ್ಟರಲ್ಲಿ ಸೊಪ್ಪಿನ ಕೆಲಸ ಮುಗಿಸಬಹುದು.

ಹೊಸಬರು ಜಾಸ್ತಿ ಎಡವುವುದು ಸೊಪ್ಪು ತೊಳೆಯುವುದರಲ್ಲೇ. ಹೆಚ್ಚಿದ ಮೇಲೆ ತೊಳೆಯಬೇಡಿ, ಸೊಪ್ಪಿನ ಸಾರವೆಲ್ಲ ನೀರಿಗೆ ಹೋಗುತ್ತದೆ. ಬೇರು ತೆಗೆದು, ಎಲೆ ಬಿಡಿಸಿ, ಅಗಲವಾದ ಪಾತ್ರೆಯ ತುಂಬ ನೀರಿನಲ್ಲಿ ಮುಳುಗಿಸಿ. ಕೈಯಿಂದ ಎರಡು ಸಲ ಅಲ್ಲಾಡಿಸಿ, ಒಂದು ನಿಮಿಷ ಸುಮ್ನೆ ಬಿಡಿ. ಮಣ್ಣು ತಳಕ್ಕೆ ಇಳಿಯುತ್ತದೆ. ಈಗ ನೀರು ಚೆಲ್ಲಬೇಡಿ, ಸೊಪ್ಪನ್ನೇ ಬಾಚಿ ಮೇಲಕ್ಕೆತ್ತಿ. ಪಾತ್ರೆ ಬಗ್ಗಿಸಿದರೆ ತಳದ ಮಣ್ಣು ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ, ಅಲ್ವಾ? ತಳದಲ್ಲಿ ಬೆರಳಾಡಿಸಿದರೆ ಮರಳು ತಾಗದಂತೆ ಆಗುವವರೆಗೆ ಹೀಗೇ ಮಾಡಿ. ಸಾಮಾನ್ಯವಾಗಿ ಮೂರು ನೀರು ಬೇಕು. ಆಮೇಲೆ ಹೆಚ್ಚಿ. ಎಳೆಯ ದಂಟನ್ನು ಎಸೆಯಬೇಡಿ, ಸಣ್ಣಗೆ ಹೆಚ್ಚಿ ಬೇರೆ ಇಟ್ಟುಕೊಳ್ಳಿ.

ಬೇಳೆಯನ್ನು ಕುಕ್ಕರಿಗೆ ಹಾಕಬೇಡಿ. ನಾನು ಮೊದಲ ಸಲ ಕುಕ್ಕರಿನಲ್ಲಿಟ್ಟು ನಾಲ್ಕು ವಿಷಲ್ ಕೂಗಿಸಿದ್ದೆ. ಬೇಳೆ ಕರಗಿ ಗಂಜಿಯಾಯಿತು, ಬಸಿಯಲು ಏನೂ ಉಳಿಯಲಿಲ್ಲ. ತೆರೆದ ಪಾತ್ರೆಯಲ್ಲಿ ಆರು ಲೋಟ ನೀರು ಕುದಿಸಿ, ಬೇಳೆ, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ ಹಾಕಿ. ಎಣ್ಣೆ ಹಾಕಿದರೆ ನೊರೆ ಉಕ್ಕುವುದು ಕಮ್ಮಿ. ಹದಿನೈದು ನಿಮಿಷವಾದ ಮೇಲೆ ಒಂದು ಬೇಳೆ ತೆಗೆದು ಬೆರಳಲ್ಲಿ ಒತ್ತಿ ನೋಡಿ. ನಡುವೆ ಗಟ್ಟಿ ಬಿಳಿ ಚುಕ್ಕೆ ಕಂಡರೆ ಇನ್ನೂ ಬೇಯಬೇಕು. ಮೆತ್ತಗೆ ಒತ್ತಿಕೊಂಡರೂ ಬೇಳೆಯ ಆಕಾರ ಉಳಿದಿದ್ದರೆ ಅದೇ ಹದ. ಹುಣಸೆಹಣ್ಣನ್ನು ಈಗಲೇ ಹಾಕಬೇಡಿ, ಹುಳಿ ಬಿದ್ದರೆ ಬೇಳೆ ಬೇಗ ಬೇಯುವುದಿಲ್ಲ.

ಹದಕ್ಕೆ ಬಂದಾಗ ಮೊದಲು ದಂಟು ಹಾಕಿ. ಮೂರು ನಿಮಿಷದ ನಂತರ ಎಲೆ ಮತ್ತು ಉಪ್ಪು ಹಾಕಿ. ಮುಚ್ಚಳ ಮುಚ್ಚದಿದ್ದರೆ ಸೊಪ್ಪಿನ ಹಸಿರು ಚೆನ್ನಾಗಿ ಉಳಿಯುತ್ತದೆ. ಇನ್ನೈದು ನಿಮಿಷ ಸಾಕು.

ಇನ್ನು ಬಸಿಯುವುದು. ತೂತಿನ ಪಾತ್ರೆಯ ಕೆಳಗೆ ಇನ್ನೊಂದು ಪಾತ್ರೆ ಇಟ್ಟಿದ್ದೀರಾ ಅಂತ ಎರಡು ಸಲ ನೋಡಿಕೊಳ್ಳಿ. ಅನ್ನ ಬಸಿದ ಅಭ್ಯಾಸದಲ್ಲಿ ಕಟ್ಟನ್ನು, ಅಂದರೆ ಬಸಿದ ನೀರನ್ನು, ಸಿಂಕಿಗೆ ಸುರಿದವರಿದ್ದಾರೆ. ಆ ಕಟ್ಟೇ ನಮ್ಮ ಸಾರು. ಹತ್ತು ನಿಮಿಷ ಹಾಗೇ ಬಿಡಿ, ಕೊನೆಗೆ ಸೌಟಿನಿಂದ ಹಗುರವಾಗಿ ಒತ್ತಿ.

ಮಸಾಲೆಗೆ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಬಿಸಿ ಮಾಡಿ, ಒಂದು ಚಮಚ ಜೀರಿಗೆ, ಹತ್ತು ಕಾಳುಮೆಣಸು, ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ ಹುರಿಯಿರಿ. ಈರುಳ್ಳಿಯ ಅಂಚು ಕಂದು ಬಣ್ಣಕ್ಕೆ ತಿರುಗಿದಾಗ ಟೊಮೆಟೊ ಹಾಕಿ ಬಾಡಿಸಿ, ಕಾಯಿತುರಿ ಸೇರಿಸಿ. ಒಲೆ ಆರಿಸಿದ ಮೇಲೆ ಎರಡು ಚಮಚ ಸಾರಿನ ಪುಡಿ ಹಾಕಿ. ಪುಡಿ ಉರಿಯ ಮೇಲೆ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ. ಆರಿದ ಮೇಲೆ ಹುಣಸೆಹಣ್ಣು ಮತ್ತು ಬಸಿದ ಸೊಪ್ಪು-ಬೇಳೆಯಲ್ಲಿ ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಿ. ಸಾರಿಗೆ ಮೈ ಬರುವುದು ಈ ಒಂದು ಹಿಡಿಯಿಂದಲೇ.

ಒಗ್ಗರಣೆಗೆ ಅವಸರ ಬೇಡ. ಎಣ್ಣೆ ಕಾದಿದೆಯಾ ಅಂತ ನೋಡಲು ಒಂದೇ ಒಂದು ಸಾಸಿವೆ ಕಾಳು ಹಾಕಿ. ಅದು ಸುಮ್ಮನೆ ಕೂತಿದ್ದರೆ ಕಾಯಿರಿ. ಚಟ್ ಅಂದರೆ ಉಳಿದದ್ದನ್ನು ಹಾಕಿ. ಸಿಡಿಯದ ಸಾಸಿವೆ ಬಾಯಿಗೆ ಸಿಕ್ಕರೆ ಕಹಿ. ಸದ್ದು ಕಮ್ಮಿಯಾಗುತ್ತಿದ್ದಂತೆ ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊನೆಗೆ ಕರಿಬೇವು ಹಾಕಿ. ಕರಿಬೇವನ್ನು ಬಟ್ಟೆಯಲ್ಲಿ ಒರೆಸಿಕೊಂಡಿರಿ. ಒದ್ದೆ ಎಲೆ ಬಿದ್ದರೆ ಎಣ್ಣೆ ಮುಖಕ್ಕೇ ಹಾರುತ್ತದೆ. ಇದಕ್ಕೆ ರುಬ್ಬಿದ ಮಸಾಲೆ ಹಾಕಿ, ಹಸಿ ವಾಸನೆ ಹೋಗುವವರೆಗೆ ಕೈಯಾಡಿಸಿ, ಕಟ್ಟು ಸುರಿದು ಎಂಟು-ಹತ್ತು ನಿಮಿಷ ಕುದಿಸಿ. ಉಪ್ಪು ಹಾಕುವ ಮೊದಲು ರುಚಿ ನೋಡಿ, ಕಟ್ಟಿನಲ್ಲಿ ಆಗಲೇ ಉಪ್ಪಿದೆ.

ಪಲ್ಯಕ್ಕೆ ಹೊಸದಾಗಿ ಕಲಿಯುವುದೇನಿಲ್ಲ. ಇದೇ ಒಗ್ಗರಣೆ ಇನ್ನೊಮ್ಮೆ ಹಾಕಿ, ಉಳಿದ ಈರುಳ್ಳಿ ಬಾಡಿಸಿ, ಬಸಿದ ಸೊಪ್ಪು-ಬೇಳೆ ಸೇರಿಸಿ ಎರಡು ನಿಮಿಷ ತಿರುವಿ. ಮೇಲೆ ಸ್ವಲ್ಪ ಕಾಯಿತುರಿ ಉದುರಿಸಿ.

ಬಿಸಿ ಮುದ್ದೆ ಇದ್ದರಂತೂ ಸರಿಯೇ ಸರಿ, ಅನ್ನಕ್ಕೂ ಚೆನ್ನಾಗಿರುತ್ತದೆ. ಒಂದು ಬಟ್ಟಲು ಸಾರು ಎತ್ತಿಟ್ಟು, ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಮಾರನೇ ದಿನ ಚೆನ್ನಾಗಿ ಕುದಿಸಿ ಬಡಿಸಿಕೊಳ್ಳಿ. ಉಪ್ಪು, ಹುಳಿ, ಖಾರ ಒಂದಕ್ಕೊಂದು ಹಿಡಿದು, ನಿನ್ನೆಗಿಂತ ಇವತ್ತೇ ರುಚಿ ಜಾಸ್ತಿ.