ಕೊಪ್ಪರಿಗೆ ಕೆಟ್ಟರೆ ಯಾರ ಗಂಟು?

ವಿಶ್ವವಿದ್ಯಾಲಯದ ಸಂಶೋಧನೆ ಜನರ ಕೆಲಸಕ್ಕೆ ಬರಬೇಕು ಅಂತ ಎಲ್ಲರೂ ಹೇಳುತ್ತಾರೆ. ಹಾಗಾಗಬೇಕಾದರೆ ಮೊದಲು ದುಡ್ಡಿನ ಮಾತು ಇತ್ಯರ್ಥವಾಗಬೇಕು. ಪ್ರಯೋಗ ಕೆಟ್ಟರೆ ನಷ್ಟ ಯಾರದು? ಮಂಡ್ಯದ ಆಲೆಮನೆಗಳಲ್ಲಿ ವಿದ್ಯಾರ್ಥಿಗಳ ಜೊತೆ ಕೆಲಸ ಮಾಡುತ್ತಾ ನನಗೆ ಮನದಟ್ಟಾದದ್ದು ಇದೇ.

ನಾನು ಮೈಸೂರಿನಲ್ಲಿ ಆಹಾರ ವಿಜ್ಞಾನ ಪಾಠ ಮಾಡುತ್ತೇನೆ. ಬೆಲ್ಲದ ಮೇಲೆ ನಮ್ಮಲ್ಲಿ ಆಗುತ್ತಿದ್ದ ಎಂ.ಎಸ್ಸಿ. ಪ್ರಾಜೆಕ್ಟುಗಳೆಲ್ಲ ಅಂಗಡಿಯಿಂದ ಬೆಲ್ಲ ತಂದು, ಹಳದಿ ಬಣ್ಣ ಬರಲಿ ಅಂತ ಹಾಕುವ ಹೈಡ್ರೋಸ್ ಅನ್ನುವ ಗಂಧಕದ ರಾಸಾಯನಿಕದ ಗುರುತು ಎಷ್ಟಿದೆ ಅಂತ ಅಳೆದು ಮುಗಿಯುತ್ತಿದ್ದವು. ಅಳೆಯುವುದೂ ಬೇಕು. ಕಿಲೋ ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ 70 ಮಿಲಿಗ್ರಾಂ ಮೀರಬಾರದು ಅನ್ನುವ ನಿಯಮ ಇದೆ. ಆದರೆ ಹೈಡ್ರೋಸ್ ಒಳ್ಳೆಯದಲ್ಲ ಅಂತ ಆಲೆಮನೆಯವರಿಗೆ ನಾವು ಹೇಳಿಕೊಡಬೇಕಾ? ಮನೆಗೆ ಇಟ್ಟುಕೊಳ್ಳುವ ಬೆಲ್ಲಕ್ಕೆ ಅವರೇ ಹಾಕುವುದಿಲ್ಲ. ಮದ್ದೂರು ಕಡೆಯ ಒಬ್ಬ ಮಾಲೀಕರು ನೇರವಾಗಿ ಕೇಳಿದರು: "ಮೇಡಂ, ಹಳದಿ ಬಣ್ಣ ಇಲ್ದಿದ್ರೆ ಮಂಡೀಲಿ ಬೆಲ್ಲ ಮುಟ್ಟಾಕಿಲ್ಲ. ಹೈಡ್ರೋಸ್ ಬಿಟ್ಟು ಬಣ್ಣ ಹೆಂಗೆ ಬತ್ತದೆ, ಮಳೆಗಾಲದಲ್ಲಿ ಬೆಲ್ಲ ನೀರು ಬಿಡ್ದಂಗೆ ಹೆಂಗೆ ಮಡಿಕಳದು, ಅದು ಹೇಳಿ."

ಇದಕ್ಕೆ ಉತ್ತರದ ತುಣುಕುಗಳು ಆಗಲೇ ಇದ್ದವು. ಮಂಡ್ಯದ ವಿ.ಸಿ. ಫಾರಂನಲ್ಲಿ ಕಬ್ಬಿನ ಮೇಲೆ ದಶಕಗಳಿಂದ ಸಂಶೋಧನೆ ನಡೆದಿದೆ. ಬೆಂಡೆ ಗಿಡದ ಲೋಳೆ ಹಾಕಿ ಕಬ್ಬಿನ ಹಾಲಿನ ಮಡ್ಡಿ ತೆಗೆಯುವುದು ಹಳೆಯ ಪದ್ಧತಿ. ಕಡಿದ ಕಬ್ಬು ಬಿದ್ದಿದ್ದಷ್ಟೂ ಅದರ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅಂಥ ಬೆಲ್ಲ ಗಟ್ಟಿ ಕೂರುವುದಿಲ್ಲ, ಗಾಳಿಯ ತೇವ ಎಳೆದುಕೊಂಡು ಒದ್ದೆಯಾಗುತ್ತದೆ. ಹೈಡ್ರೋಸ್ ಕೊಟ್ಟ ಬಣ್ಣವೂ ಉಳಿಯುವಂಥದ್ದಲ್ಲ, ಇಟ್ಟಷ್ಟೂ ಕಪ್ಪಾಗುತ್ತದೆ. ಇದೆಲ್ಲ ಪುಸ್ತಕದಲ್ಲಿದೆ. ಅವರ ಕೊಪ್ಪರಿಗೆಯಲ್ಲಿ, ಅವರ ಕಬ್ಬಿನಲ್ಲಿ, ಅವರ ಒಲೆಯ ಉರಿಯಲ್ಲಿ ಮಾಡಿ ನೋಡುವುದು ಬಾಕಿ ಇತ್ತು.

ಆಗ ಬಂತು ದುಡ್ಡಿನ ಪ್ರಶ್ನೆ. "ಒಂದು ಕೊಪ್ಪರಿಗೆ ಕೆಟ್ಟೋದ್ರೆ ನಿಮ್ಮ ಹುಡುಗ್ರು ಬಸ್ ಹತ್ತಿ ಹೋಯ್ತಾರೆ, ನಂ ಗಂಟು ಹೋಯ್ತದೆ" ಅಂದರು ಆ ಮಾಲೀಕರು. ನೂರಕ್ಕೆ ನೂರು ನ್ಯಾಯದ ಮಾತು. ಹಾಗಾಗಿ ಪ್ರಯೋಗದ ಪಾಕವನ್ನು ಒಲೆ ಹಚ್ಚುವ ಮೊದಲೇ ಆ ದಿನದ ಮಂಡಿ ದರಕ್ಕೆ ನಾವು ಕೊಂಡುಕೊಳ್ಳುವುದು ಅಂತ ಒಪ್ಪಂದ ಮಾಡಿಕೊಂಡೆವು. ಬೆಲ್ಲ ಚೆನ್ನಾಗಿ ಬಂದರೆ ಅವರೇ ಮಾರಿ ದುಡ್ಡು ವಾಪಸ್ ಕೊಡಬೇಕು, ಕೆಟ್ಟರೆ ನಷ್ಟ ನಮ್ಮದು.

ಕಚೇರಿಯಲ್ಲಿ ಇದಕ್ಕೆ ಒಪ್ಪಿಗೆ ಪಡೆಯುವುದು ಪ್ರಯೋಗಕ್ಕಿಂತ ಕಷ್ಟವಾಯಿತು. ಬಿಲ್ ಎಲ್ಲಿ, ಮೂರು ಕೊಟೇಶನ್ ಎಲ್ಲಿ ಅಂತ ಕೇಳಿದರು. ಆಲೆಮನೆಯಲ್ಲಿ ಬಿಲ್ ಎಲ್ಲಿಂದ ಬರುತ್ತೆ? ಸುಮ್ನೆ ಪತ್ರ ಬರೆಯುತ್ತಾ ಕೂರುವ ಬದಲು ಲೆಕ್ಕಪತ್ರ ನೋಡುವವರನ್ನೇ ಒಮ್ಮೆ ಕರೆದುಕೊಂಡು ಹೋದೆ. ಗಾಣ, ಒಲೆ, ತೂಕ ಎಲ್ಲ ಕಣ್ಣಾರೆ ನೋಡಿದ ಮೇಲೆ ಅವರೇ ಒಂದು ದಾರಿ ಹುಡುಕಿದರು: ಮಾಲೀಕರ ಸಹಿ ಇರುವ ವೋಚರ್, ಜೊತೆಗೆ ಆ ದಿನದ ಎಪಿಎಂಸಿ ದರದ ಚೀಟಿ. ಹೊಸದಾಗಿ ಇಂಥ ಕೆಲಸಕ್ಕೆ ಇಳಿಯುವ ಮೇಷ್ಟ್ರುಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಹಣಕಾಸು ವಿಭಾಗದವರನ್ನು ಹಳ್ಳಿಗೆ ಕರೆದುಕೊಂಡು ಹೋಗಿ.

ಕೆಲಸ ಶುರುವಾದ ಮೇಲೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಹುಳಿ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಪಿಎಚ್ ಪೇಪರ್. ಹುಳಿ ಕಳೆಯಲು ಹಾಕುವ ಸುಣ್ಣವನ್ನು ಎಲ್ಲರೂ ಕೈಅಂದಾಜಿನಲ್ಲಿ ಹಾಕುತ್ತಿದ್ದರು. ಕಮ್ಮಿಯಾದರೆ ಕಬ್ಬಿನ ಹಾಲಿನ ಹುಳಿ ಉಳಿದು ಸಕ್ಕರೆ ಒಡೆಯುತ್ತದೆ, ಜಾಸ್ತಿಯಾದರೆ ಬೆಲ್ಲ ಕಪ್ಪಾಗುತ್ತದೆ. ನಮ್ಮ ವಿದ್ಯಾರ್ಥಿನಿ ಒಬ್ಬಳು ಕಬ್ಬಿನ ಹಾಲಿಗೆ ಪೇಪರ್ ಅದ್ದಿ, ಸುಣ್ಣದ ತಿಳಿ ಸ್ವಲ್ಪ ಸ್ವಲ್ಪವೇ ಹಾಕುತ್ತಾ, ಬಣ್ಣ ಎಲ್ಲಿಗೆ ಬಂದಾಗ ನಿಲ್ಲಿಸಬೇಕು ಅಂತ ತೋರಿಸಿದಳು. ಪಾಕ ನೋಡುವವರು ಉತ್ತರಪ್ರದೇಶದವರು. ಅವರಿಗಾಗಿ ಹಿಂದಿಯಲ್ಲೂ ಹೇಳಿದಳು. ಪಾಕದ ಹದದ ವಿಷಯದಲ್ಲಿ ಮಾತ್ರ ಅವರೇ ನಮಗೆ ಗುರುಗಳು. ನೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡಿ ಅವರು "ಇಳಿಸಿ" ಅಂದಾಗ ನಮ್ಮ ಥರ್ಮಾಮೀಟರ್ 118 ಡಿಗ್ರಿಯ ಆಸುಪಾಸಿನಲ್ಲಿರುತ್ತಿತ್ತು.

ಇನ್ನೊಂದು ತೊಡಕು ಸೆಮಿಸ್ಟರ್. ಬೆಲ್ಲ ಮಳೆಗಾಲ ತಡೆಯುತ್ತದಾ ಅಂತ ತಿಳಿಯಬೇಕಾದರೆ ಮಳೆಗಾಲ ಕಳೆಯಬೇಕು. ಅಷ್ಟರಲ್ಲಿ ವಿದ್ಯಾರ್ಥಿ ಪರೀಕ್ಷೆ ಮುಗಿಸಿ ಹೋಗಿರುತ್ತಾನೆ. ಅದಕ್ಕೆ ಒಂದು ರೂಢಿ ಮಾಡಿದ್ದೇವೆ. ಹೋಗುವ ಬ್ಯಾಚಿನವರು ಪರೀಕ್ಷೆಗೆ ಇಟ್ಟ ಬೆಲ್ಲದ ಅಚ್ಚುಗಳನ್ನೂ ನೋಟ್‌ಬುಕ್ಕನ್ನೂ ಕಿರಿಯರ ಕೈಗೆ ಒಪ್ಪಿಸಿ ಸಹಿ ಹಾಕಿಸಿಕೊಳ್ಳಬೇಕು. ಕಿರಿಯರ ಥೀಸಿಸ್‌ನಲ್ಲಿ ಹಿರಿಯರ ಹೆಸರೂ ಬರುತ್ತದೆ.

ಹಳ್ಳಿ ದತ್ತು ತೆಗೆದುಕೊಳ್ಳುವ ಕಾರ್ಯಕ್ರಮಗಳಿವೆ. ಉನ್ನತ ಭಾರತ ಅಭಿಯಾನ 2014ರಿಂದಲೇ ಇದೆ. ಒಳ್ಳೆಯದೇ. ಆದರೆ ಎನ್‌ಎಸ್‌ಎಸ್ ಶಿಬಿರದ ಹಾಗೆ ಬಂದು ಹೋದರೆ ಸಂಶೋಧನೆ ಆಗುವುದಿಲ್ಲ. ಹಳ್ಳಿಯ ಪ್ರಶ್ನೆಗೆ ಥೀಸಿಸ್‌ನಲ್ಲಿ ಜಾಗ ಸಿಗಬೇಕು, ಅದಕ್ಕೆ ಅಂಕವೂ ಸಿಗಬೇಕು. ನಾವು ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಮೊದಲು ಆಲೆಮನೆಯ ಅಂಗಳದಲ್ಲೇ ವಿದ್ಯಾರ್ಥಿಗಳಿಂದ ಕನ್ನಡದಲ್ಲಿ ಫಲಿತಾಂಶ ಹೇಳಿಸುತ್ತೇವೆ. ಅಲ್ಲಿ ಬರುವ ಪ್ರಶ್ನೆಗಳನ್ನು ಬರೆದುಕೊಂಡು ಥೀಸಿಸ್‌ಗೆ ಸೇರಿಸುವುದು ಕಡ್ಡಾಯ.

ಕಳೆದ ಸಲ ಅಲ್ಲಿ ಒಬ್ಬ ಹೆಣ್ಣುಮಗಳು ಕೇಳಿದರು: "ಬೆಂಡೆ ಗಿಡ ಸಿಗದ ತಿಂಗಳಲ್ಲಿ ಏನು ಹಾಕದು?" ನಮ್ಮ ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಬೆಂಡೆ ಕಾಂಡ ಒಣಗಿಸಿ ಪುಡಿ ಮಾಡಿಟ್ಟರೆ ಲೋಳೆ ಬಿಡುತ್ತದಾ ಅನ್ನುವುದು ಈ ವರ್ಷದ ಪ್ರಾಜೆಕ್ಟ್.