ಬೂಷ್ಟು ಹಿಡಿಯದ ಮಣ್ಣಿನ ಬಣ್ಣ

2020ರ ಜುಲೈ ಕೊನೆ. ಕಪಾಟಿನ ಬಾಗಿಲು ತೆಗೆದರೆ 42 ಮುಚ್ಚಳದಲ್ಲಿ 40ಕ್ಕೆ ಬಿಳಿ ಬೂಷ್ಟು. ಎರಡು ತಿಂಗಳು ಕೂತು ಮಣ್ಣು ಅರೆದು, ನೀರಿನ ಬಾಟಲಿ ಮುಚ್ಚಳಗಳಲ್ಲಿ ಹೊಯ್ದು ಒಣಗಿಸಿದ ಬಣ್ಣ ಅದು. ನಮ್ಮ ಮಲೆನಾಡಿನ ಸಾಗರದ ಕಡೆಯ ಮಳೆ ನಿಮಗೆ ಗೊತ್ತಲ್ವಾ, ಚಪ್ಪಲಿ, ಬೆಲ್ಟು, ಪುಸ್ತಕ ಯಾವುದನ್ನೂ ಬಿಡುವುದಿಲ್ಲ. ಫೋಟೊ ತೆಗೆದು ನಮ್ಮ ಚಿತ್ರಕಾರರ ವಾಟ್ಸಾಪ್ ಗುಂಪಿಗೆ ಹಾಕಿದೆ. ಹಿರಿಯರೊಬ್ಬರು, ನಲವತ್ತು ವರ್ಷ ಜಲವರ್ಣ ಮಾಡಿದವರು, ಒಂದೇ ಸಾಲು ಬರೆದರು: "ಮಣ್ಣಲ್ಲಿ ಬರೆದದ್ದು ಮಣ್ಣಾಗುತ್ತೆ ಕಣೋ, ಟ್ಯೂಬ್ ತಗೋ."

ಈಗ ಅದೇ ಹಿರಿಯರ ಪ್ಯಾಲೆಟ್‌ನಲ್ಲಿ ನನ್ನ ನಾಲ್ಕು ಮಣ್ಣಿನ ಪ್ಯಾನ್, ಅಂದರೆ ಒಣಗಿಸಿದ ಬಣ್ಣದ ಬಿಲ್ಲೆ, ಇವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜನತಾ ಕರ್ಫ್ಯೂಗೆ ಎರಡು ದಿನ ಮೊದಲು ಬೆಂಗಳೂರಿನಿಂದ ರಾತ್ರಿ ಬಸ್ಸಲ್ಲಿ ಊರಿಗೆ ಬಂದಿದ್ದೆ. ಒಂದು ವಾರ ಇದ್ದು ಹೋಗೋಣ ಅಂತ ಎರಡು ಪ್ಯಾಡು, 14 ಟ್ಯೂಬು, ಐದು ಬ್ರಷ್ ಅಷ್ಟೇ ತಂದಿದ್ದೆ. ಮಾರ್ಚ್ 25ಕ್ಕೆ ಕೊರೊನಾದಿಂದ ದೇಶವೇ ಮುಚ್ಚಿತು. ವಾರಾಂತ್ಯದ ಮಕ್ಕಳ ಕ್ಲಾಸು, 22 ಮಕ್ಕಳು, ನಿಂತುಹೋಯಿತು. ಒಂದು ಗ್ಯಾಲರಿಯಲ್ಲಿ ನನ್ನ ಏಳು ಚಿತ್ರ, ಸುಮಾರು 60,000 ರೂಪಾಯಿಯ ಮಾಲು, ಸಿಕ್ಕಿಕೊಂಡಿತು. ಆ ಜನವರಿಯ ಚಿತ್ರಸಂತೆಯಲ್ಲಿ ಸಿಕ್ಕ ನಲವತ್ತೈದು ಸಾವಿರ ಚಿಲ್ಲರೆಯೇ ಕೈಯಲ್ಲಿದ್ದದ್ದು. ಅದರಲ್ಲೂ ಬೆಂಗಳೂರಿನ ಖಾಲಿ ರೂಮಿಗೆ ತಿಂಗಳ ಬಾಡಿಗೆ ಹೋಗುತ್ತಿತ್ತು.

ಮೇ ಮೊದಲ ವಾರಕ್ಕೆ ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣದ ಟ್ಯೂಬು ಮುಗಿಯಿತು. ಹಿತ್ತಲಲ್ಲಿ ಗುಡ್ಡದ ಧರೆ ಕಡಿದಿದ್ದರು. ಅವತ್ತು ಮಳೆ ಬಂದು ಧರೆಯ ಮಣ್ಣು ಒದ್ದೆಯಾಗಿತ್ತು. ನೋಡಿದರೆ ಅದೇ ಬಣ್ಣ. ಮೇಲೆ ಕೆಂಪು, ಒಂದಾಳು ಕೆಳಗೆ ಹಳದಿ, ಅದರ ಕೆಳಗೆ ಬೂದು ಬಿಳುಪಿನ ಶೇಡಿ ಮಣ್ಣು. ಇಷ್ಟು ವರ್ಷ ಅದೇ ಧರೆಯ ಪಕ್ಕ ಓಡಾಡಿದ್ದೇನೆ, ಅವತ್ತು ಕಣ್ಣಿಗೆ ಬಿತ್ತು. ನಮ್ಮೂರಿನ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುವವರು ಕೆಮ್ಮಣ್ಣು, ಅಕ್ಕಿ ಹಿಟ್ಟು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ ಇಟ್ಟುಕೊಂಡು ಪುಂಡಿನಾರಿನ ಕುಂಚದಲ್ಲಿ ಬರೆಯುತ್ತಾರೆ. ಗೋಡೆಗೆ ಆಗುವುದು ಕಾಗದಕ್ಕೆ ಯಾಕಾಗಬಾರದು?

ಮಣ್ಣು ಗಾಳಿಸುವುದು ಅಕ್ಕಿ ಗಾಳಿಸಿದ ಹಾಗೆಯೇ. ಬಕೆಟ್ ನೀರಿಗೆ ಹಾಕಿ ಕಲಕಿ, ಮರಳು ಕೂರಲು ಬಿಟ್ಟು, ಮೇಲಿನ ಕದಡಿದ ನೀರನ್ನು ಇನ್ನೊಂದಕ್ಕೆ ಬಸಿಯಬೇಕು. ಎಷ್ಟು ಹೊತ್ತು ಬಿಡಬೇಕು ಅನ್ನುವುದರಲ್ಲೇ ನಾನು ಮೊದಲು ಸೋತದ್ದು. ಹತ್ತು ಸೆಕೆಂಡಿಗೆ ಬಸಿದೆ, ಕಾಗದದ ಮೇಲೆ ಉಪ್ಪುಕಾಗದ ತಿಕ್ಕಿದ ಹಾಗೆ ಗರಗರ. ಈಗ ಒಂದೂವರೆ ನಿಮಿಷ ಬಿಡುತ್ತೇನೆ, ಹೀಗೆ ನಾಲ್ಕು ಸಲ. ಆಮೇಲೆ ಅಮ್ಮನ ಹಳೇ ರೇಷ್ಮೆ ಸೀರೆಯ ತುಂಡಿನಲ್ಲಿ ಸೋಸುತ್ತೇನೆ. ಒಂದು ಕಿಲೋ ಧರೆ ಮಣ್ಣಿಗೆ ಕೊನೆಗೆ ಸಿಗುವುದು 150 ಗ್ರಾಂ ಇರಬಹುದು. ಅರೆಯಲು ಗಾಜಿನ ಮುಲ್ಲರ್, ಅಂದರೆ ಬಣ್ಣ ಅರೆಯುವ ಗುಂಡು, ತರಿಸೋಣ ಅಂದರೆ ಆಗ ಆರೇಳು ಸಾವಿರ. ಅಪ್ಪನ ಮೇಜಿನ ಗಾಜಿನ ಪೇಪರ್‌ವೇಟ್ ತಗೊಂಡು ತಳ ಉಜ್ಜಿ ಒರಟು ಮಾಡಿದೆ. ಅಡಿಗೆ ಕಟ್ಟೆಯಲ್ಲಿ ಉಳಿದ ಗ್ರಾನೈಟ್ ತುಂಡೇ ಹಲಗೆ. ಖರ್ಚು ಸೊನ್ನೆ. ಇವತ್ತಿಗೂ ಅದರಲ್ಲೇ ಅರೆಯುತ್ತೇನೆ.

ಹಳದಿ ಮಣ್ಣನ್ನು ಕಬ್ಬಿಣದ ಕಾವಲಿಯಲ್ಲಿ ಹುರಿಯುವುದು ನನಗೆ ಬಹಳ ಇಷ್ಟದ ಕೆಲಸ. ಮೊದಲು ಕೇಸರಿ, ಆಮೇಲೆ ಇಟ್ಟಿಗೆ, ಕೊನೆಗೆ ಒಳ್ಳೇ ಕೆಂಪು. ಎರಡು ನಿಮಿಷಕ್ಕೊಂದು ಚಮಚ ತೆಗೆದು ಪಕ್ಕಕ್ಕಿಟ್ಟರೆ ಒಂದೇ ಮಣ್ಣಿನಿಂದ ಏಳು ಬಣ್ಣ. ಒಲೆ ಮುಂದೆ ಕೂತು ಅಮ್ಮನೇ ಹೇಳಿದಳು, "ಹೆಸರುಬೇಳೆ ಹುರಿಯೋದಕ್ಕಿಂತ ಇದೇ ನಾಜೂಕು ಕಣೋ."

ಬಣ್ಣದ ಪುಡಿಯನ್ನು ಕಾಗದಕ್ಕೆ ಹಿಡಿಸುವ ಅಂಟಿನ ವಿಷಯಕ್ಕೆ ಬರುತ್ತೇನೆ. ದುಡ್ಡು ಜಾಸ್ತಿ ಕಳೆದದ್ದು ಇಲ್ಲೇ. ಮೊದಲು ಮನೆ ಹಿಂದಿನ ಗೇರು ಮರದ ಅಂಟು ಹಾಕಿದೆ. ಕಂದು ಬಣ್ಣ, ಒಣಗಿದ ಮೇಲೆ ಹಕ್ಕಳೆ ಎದ್ದಿತು. ಆಮೇಲೆ ಪೇಟೆಯ ಗ್ರಂಧಿಗೆ ಅಂಗಡಿಯಿಂದ "ಗೋಂದು" ಅಂತ ತಂದದ್ದು ಬಾದಾಮಿ ಗೋಂದು. ಅದು ನೀರಲ್ಲಿ ಕರಗುವುದಿಲ್ಲ, ಊದಿಕೊಂಡು ಜೆಲ್ಲಿಯಾಗುತ್ತದೆ. ಅರ್ಧ ಕಿಲೋ ಹಾಳು. ಕೊನೆಗೆ ತಂಗಿಯ ಬಾಣಂತನದ ಅಂಟಿನುಂಡೆಗೆ ತಂದು ಉಳಿದಿದ್ದ ಜಾಲಿ ಅಂಟು ಡಬ್ಬಿಯಲ್ಲಿ ಸಿಕ್ಕಿತು. ಒಂದು ಪಾಲು ಅಂಟಿಗೆ ಎರಡು ಪಾಲು ಬಿಸಿನೀರು, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿದರೆ ಜೇನಿನ ಬಣ್ಣದ ತಿಳಿ. ಅದೇ ಸರಿಯಾದದ್ದು. ಆಗ ಕಿಲೋಗೆ ಆರೇಳು ನೂರು ಇತ್ತು.

ಬೂಷ್ಟಿಗೆ ಕಾರಣ ಜೇನು. ಬಣ್ಣ ಒಣಗಿ ಸೀಳದಿರಲಿ ಅಂತ ಎಲ್ಲರೂ ಅಂಟಿಗೆ ಐದನೇ ಒಂದು ಪಾಲು ಜೇನು ಹಾಕಿ ಅನ್ನುತ್ತಾರೆ. ಒಣ ಊರಿಗೆ ಅದು ಸರಿ. ನಮ್ಮ ಜುಲೈನಲ್ಲಿ ಜೇನು ಗಾಳಿಯ ನೀರನ್ನೆಲ್ಲ ಎಳೆದುಕೊಂಡು ಪ್ಯಾನ್ ಒಣಗುವುದೇ ಇಲ್ಲ. ಜೇನನ್ನು ಪೂರ್ತಿ ಬಿಟ್ಟೆ, ಆಗ ಪ್ಯಾನ್ ಸೀಳಿತು. ಕಲ್ಲುಸಕ್ಕರೆ ಪಾಕಕ್ಕೆ ಬಂದೆ, ತೀರಾ ಕಡಿಮೆ, ಹತ್ತಕ್ಕೊಂದು. ಲವಂಗದ ಎಣ್ಣೆ ಬಟ್ಟಲಿಗೆ ಮೂರು ಹನಿ. ಅಷ್ಟು ಮಾಡಿದರೂ ನಾಲ್ಕರಲ್ಲಿ ಒಂದಕ್ಕೆ ಬೂಷ್ಟು ಬರುತ್ತಿತ್ತು. ಆಗ ಪಕ್ಕದ ಕೇರಿಯ ಅಜ್ಜಿ, ಹಸೆ ಬರೆಯುವುದರಲ್ಲಿ ಸುತ್ತಲಿಗೆ ಹೆಸರಾದವರು, ಅಂಗಳದಲ್ಲೇ ದೂರ ನಿಂತು ನೋಡಿ ಎರಡು ಮಾತು ಹೇಳಿದರು. ಒಂದು, "ಕಪಾಟಲ್ಲಿ ಯಾಕೆ ಇಡ್ತೀಯ ಮಗಾ, ಒಲೆ ಅಟ್ಟಕ್ಕೆ ಹಾಕು." ಒಲೆಯ ಮೇಲಿನ ಅಟ್ಟದಲ್ಲಿ ದಿನವೂ ಹೊಗೆ, ದಿನವೂ ಸಣ್ಣ ಬಿಸಿ. ಒಂದೇ ಸಲ ತುಂಬದೆ ಮೂರು ಪದರವಾಗಿ ಹೊಯ್ದು, ಪ್ರತಿ ಪದರಕ್ಕೂ ಮೂರು ದಿನ ಅಟ್ಟದಲ್ಲಿಟ್ಟೆ. ಎರಡನೆಯದು ಒಂದು ಮರದ ತೊಗಟೆಯ ಕಷಾಯ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಅಜ್ಜಿಯ ಸ್ವತ್ತು, ಅವರು ಒಪ್ಪಿದ ದಿನ ಹೇಳುತ್ತೇನೆ. 2021ರ ಮಳೆಗಾಲದಲ್ಲಿ 110 ಪ್ಯಾನ್ ಮಾಡಿದೆ. ಒಂದಕ್ಕೂ ಬೂಷ್ಟು ಬರಲಿಲ್ಲ. ಸೆಪ್ಟೆಂಬರ್‌ವರೆಗೆ ದಿನಾ ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದ್ದೇನೆ.

ಅಂಚೆಯ ಕಥೆ ಹೇಳಲೇಬೇಕು. ಗುಂಪಿನಲ್ಲಿ 31 ಜನ. ಯಾರಿಗೂ ಪ್ರದರ್ಶನವಿಲ್ಲ, ಕ್ಲಾಸಿಲ್ಲ. ಮೊದಲ ಎರಡು ತಿಂಗಳು ಬರೀ ಆಸ್ಪತ್ರೆ, ಬಾಡಿಗೆಯ ಸುದ್ದಿ. ನಾನು ಒಂದು ದಿನ ಕೇಳಿದೆ, ನಿಮ್ಮ ನಿಮ್ಮ ಊರಿನ ಮಣ್ಣು ಕಾಲು ಕಿಲೋ ಕಳಿಸಿ, ಬಣ್ಣ ಮಾಡಿ ವಾಪಸ್ ಕಳಿಸುತ್ತೇನೆ ಅಂತ. ಸುಮ್ನೆ ಕೇಳಿದ್ದು. 19 ಜನ ಕಳಿಸಿದರು! ಮೊದಲು ಬಂದದ್ದು ಸಂಡೂರಿನದು. ಪೊಟ್ಟಣ ದಾರಿಯಲ್ಲೇ ಒಡೆದು ಪೋಸ್ಟ್‌ಮ್ಯಾನ್ ಅಣ್ಣನ ಚೀಲ, ಕೈ, ಮಾಸ್ಕ್ ಎಲ್ಲ ಕೆಂಪು. "ಎಂಥದು ಮಾರಾಯ್ರೆ ಇದು, ಕುಂಕುಮವಾ?" ಅಂದರು. ಅದಿರಿನ ಮಣ್ಣು, ಗಾಳಿಸುವ ಕೆಲಸವೇ ಇಲ್ಲ ಅನ್ನುವಷ್ಟು ನಯ. ಕಾಗದಕ್ಕೆ ಹಿಡಿದರೆ ಒರೆಸಿದರೂ ಹೋಗದು. ಕಲಬುರಗಿ ಕಡೆಯಿಂದ ಶಹಾಬಾದ್ ಕಲ್ಲಿನ ಪುಡಿ ಬಂತು, ತಣ್ಣನೆಯ ಬೂದು, ಮೋಡಕ್ಕೆ ಅದಕ್ಕಿಂತ ಒಳ್ಳೇದು ನಾನು ಕಂಡಿಲ್ಲ. ಇಳಕಲ್ಲಿನ ಗೆಳೆಯ ಗ್ರಾನೈಟ್ ಚೂರು ಕಳಿಸಿದ. ನಾಲ್ಕು ದಿನ ಕುಟ್ಟಿ ಕೈಬಿಟ್ಟೆ. ಬಣ್ಣ ವಾಪಸ್ ಹೋದ ಮೇಲೆ ಒಬ್ಬೊಬ್ಬರೂ ತಮ್ಮ ಊರನ್ನು ತಮ್ಮ ಊರಿನ ಮಣ್ಣಲ್ಲೇ ಬರೆದು ಹಾಕತೊಡಗಿದರು. ಗುಂಪಿನ ಮಾತೇ ಬದಲಾಯಿತು. ರಾತ್ರಿ ಹನ್ನೊಂದಕ್ಕೆ "ನಿನ್ನ ಹಳದಿಗೆ ಅಂಟು ಸಾಲದು" ಅಂತ ಜಗಳ ಆಗುತ್ತಿತ್ತು.

ಕಪ್ಪು ನನ್ನನ್ನು ಒಂದು ವರ್ಷ ಕಾಡಿತು. ನವಲಗುಂದದ ಕಡೆಯ ನಿವೃತ್ತ ಡ್ರಾಯಿಂಗ್ ಮಾಸ್ತರ್ರು ಎರೆ ಮಣ್ಣು ಕಳಿಸಿದ್ದರು. ಹಳೇ ನೋಟ್‌ಬುಕ್ಕಿನ ಹಾಳೆಯಲ್ಲಿ ಪೊಟ್ಟಣ, ಮೇಲೆ ದುಂಡು ಅಕ್ಷರದಲ್ಲಿ "ಎರಿ, ನಮ್ಮ ಹೊಲದ್ದು." ಎರೆ ನೀರು ಕುಡಿದು ಊದುತ್ತದೆ, ಒಣಗಿ ಬಿರಿಯುತ್ತದೆ. ಪ್ಯಾನ್‌ನಲ್ಲೂ ಬಿರಿಯಿತು, ಕಾಗದದ ಮೇಲೂ ಬಿರಿಯಿತು. ಅಂಟು ಜಾಸ್ತಿ ಮಾಡಿದರೆ ಚೂರಾಗಿ ಹಾರಿತು. ಫೋಟೊ ಕಳಿಸಿದರೆ ಮಾಸ್ತರ್ರ ವಾಯ್ಸ್ ಮೆಸೇಜು: "ನಮ್ಮ ಎರಿ ಹಂಗ ತಮ್ಮಾ. ಬ್ಯಾಸಿಗ್ಯಾಗ ಬಿರೀತೈತಿ, ಮಳಿ ಬಂದ್ರ ಕೂಡ್ತೈತಿ. ನೀ ಬಿಡಬ್ಯಾಡ."

ಅದು ಆಗುವವರೆಗೆ ದೀಪದ ಕಾಡಿಗೆ ಹಿಡಿದೆ. ಕಾಡಿಗೆ ನೀರಿಗೆ ಸೇರುವುದಿಲ್ಲ, ಮೇಲೆ ತೇಲುತ್ತದೆ. ಎಲ್ಲರ ಮನೆಯಲ್ಲೂ ಇದ್ದ ಸ್ಯಾನಿಟೈಸರ್ ಇಲ್ಲಿ ಕೆಲಸಕ್ಕೆ ಬಂತು. ಜೆಲ್ ಆಗದು, ನೀರಿನಂಥದ್ದು ಬೇಕು. ನಾಲ್ಕು ಹನಿ ಹಾಕಿ ಕಲಸಿದರೆ ಕಾಡಿಗೆ ತಟ್ಟನೆ ಒದ್ದೆಯಾಗಿ ಕೂರುತ್ತದೆ, ಆಮೇಲೆ ಅಂಟು ಸೇರಿಸಬಹುದು. ಒಲೆ ಹತ್ತಿರ ಮಾತ್ರ ಮಾಡಬೇಡಿ.

ಈ ನಡುವೆ ಅಡ್ಡದಾರಿಗಳೂ ಇದ್ದವು. ಅಡಿಕೆ ಹಾಳೆಯ ಮೇಲೆ ಬರೆದೆ, ಚೆಂದ ಬಂತು, ಮಳೆಗಾಲದಲ್ಲಿ ಹಾಳೆಯೇ ಸುರುಳಿ ಸುತ್ತಿತು. ಜಗುಲಿ ಗೋಡೆಯಲ್ಲಿ ಕಾವಿ ಕಲೆ ಮಾಡಲು ಹೋದೆ. ಸುಣ್ಣದ ಗಾರೆಗೆ ಕೆಮ್ಮಣ್ಣು ಬಳಿದು, ಹಸಿ ಇರುವಾಗಲೇ ಕಂಟದಿಂದ, ಅಂದರೆ ಚೂಪು ಮೊನೆಯಿಂದ, ಕೆರೆದು ಅಡಿಯ ಬಿಳಿ ಕಾಣಿಸಬೇಕು. ಎರಡು ಸಲ ತಡವಾಯಿತು, ಮೂರನೇ ಸಲಕ್ಕೆ ಒಂದು ಬಳ್ಳಿ, ಎರಡು ನವಿಲು ಬಂದವು. ಸುಣ್ಣಕ್ಕೆ ಬೆರಳ ತುದಿಯ ಚರ್ಮ ಹೋಯಿತು. ನವಿಲು ಈಗಲೂ ಇವೆ.

ಬಿಸಿಲಿನ ಪರೀಕ್ಷೆಯೇ ಹಿರಿಯರ ಬಾಯಿ ಕಟ್ಟಿದ್ದು. ಉದ್ದ ಪಟ್ಟಿಯಲ್ಲಿ ಎಲ್ಲ ಬಣ್ಣ ಬಳಿದು, ಅರ್ಧಕ್ಕೆ ರಟ್ಟು ಮುಚ್ಚಿ, ಗಾಜಿನ ಹೆಂಚಿನ ಕೆಳಗೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಇಟ್ಟೆ. ಶಂಖಪುಷ್ಪದ ನೀಲಿ ನಾಲ್ಕೇ ದಿನಕ್ಕೆ ಹೋಯಿತು. ಅರಿಶಿನ ವಾರ ತಡೆಯಲಿಲ್ಲ. ನನ್ನ ಹತ್ತಿರವಿದ್ದ ದುಬಾರಿ ಗುಲಾಬಿ ಟ್ಯೂಬಿನ ಬಣ್ಣವೂ ಮಾಸಿತು. ಮಣ್ಣಿನ ಒಂಬತ್ತು ಬಣ್ಣದಲ್ಲಿ ರಟ್ಟು ತೆಗೆದರೆ ಗೆರೆಯೇ ಕಾಣಲಿಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಗಳಲ್ಲಿ ಆದಿಮಾನವರ ಕೆಮ್ಮಣ್ಣಿನ ಚಿತ್ರ ಇವತ್ತಿಗೂ ಉಳಿದಿರುವಾಗ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೂ ಕಣ್ಣಾರೆ ನೋಡಿದಾಗ ಖುಷಿಯಾಯಿತು. ನೀಲಿ ಮಾತ್ರ ಮಣ್ಣಿನಲ್ಲಿ ಸಿಗಲಿಲ್ಲ. ಈಗಲೂ ಟ್ಯೂಬೇ.

ಕಾಗದ ಸಿಕ್ಕಿದ್ದು ಮದುವೆಗಳಿಂದ. 50 ಜನರ ಮಿತಿ ಬಂದ ಮೇಲೆ ಲಗ್ನಪತ್ರಿಕೆ ಯಾರು ಮಾಡಿಸುತ್ತಾರೆ? ಪೇಟೆಯ ಒಂದು ಪ್ರೆಸ್ಸಿನಲ್ಲಿ ದಪ್ಪ ಕಾಗದ ರಾಶಿ ಬಿದ್ದಿತ್ತು. 900 ರೂಪಾಯಿಗೆ ಎರಡು ರೀಮ್ ಹತ್ತಿರ ಕೊಟ್ಟರು. ಜಾಸ್ತಿ ನೀರು ತಡೆಯದು, ಆದರೆ ಅಂಗೈ ಗಾತ್ರದ ಚಿತ್ರಕ್ಕೆ ಸಾಕು. ಅದರಲ್ಲಿ 300ರ ಮೇಲೆ ಚಿತ್ರ ಬರೆದಿದ್ದೇನೆ.

2021ರ ಏಪ್ರಿಲ್ ಕೊನೆಗೆ ರಾಜ್ಯ ಮತ್ತೆ ಮುಚ್ಚಿತು. ಮೇನಲ್ಲಿ ಮಾಸ್ತರ್ರು ಹೋದರು. ಹುಬ್ಬಳ್ಳಿಯಲ್ಲಿ ಆರು ದಿನ ಆಸ್ಪತ್ರೆಯಲ್ಲಿದ್ದರಂತೆ. ಗುಂಪಿನಲ್ಲಿ ಮೂರು ವಾರ ಯಾರೂ ಒಂದು ಚಿತ್ರ ಹಾಕಲಿಲ್ಲ. ನನಗೂ ಒಲೆ ಹಚ್ಚಲು ಮನಸ್ಸಿರಲಿಲ್ಲ. ಒಂದು ದಿನ ಕಪಾಟಿನಲ್ಲಿ ಆ ಪೊಟ್ಟಣ ಕೈಗೆ ಸಿಕ್ಕಿತು. ಇನ್ನೂ ಒಂದು ಹಿಡಿಗಿಂತ ಜಾಸ್ತಿ ಇತ್ತು. ಅದನ್ನು ಸುಟ್ಟರೆ ಊದುವ ಗುಣ ಹೋಗಬಹುದು ಅನ್ನಿಸಿತು. ಬೇರೆ ಎರೆಯಲ್ಲಿ ಮೊದಲು ನೋಡಿದೆ. ತೆರೆದ ಬಾಣಲೆಯಲ್ಲಿ ಸುಟ್ಟದ್ದು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಮುಚ್ಚಿದ ಗಡಿಗೆಯಲ್ಲಿ ಹಾಕಿ, ಸಂದಿಗೆ ಮಣ್ಣು ಮೆತ್ತಿ, ಬಚ್ಚಲ ಒಲೆಯ ಕೆಂಡದಲ್ಲಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಒಡೆದರೆ ಆನೆ ಬಣ್ಣದ ಕಪ್ಪು. ಗಡಿಗೆಯೊಳಗೆ ಎರೆಯ ಜತೆ ಇನ್ನೊಂದು ವಸ್ತು ಹಾಕುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಐದನೇ ಗಡಿಗೆಗೆ ಮಾಸ್ತರ್ರ ಮಣ್ಣು ಹಾಕಿದೆ. ಮೂರು ಪ್ಯಾನ್ ಆಯಿತು. ಒಂದೂ ಬಿರಿಯಲಿಲ್ಲ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಮೊದಲ ವರ್ಷ ಅಂಟು, ಎಣ್ಣೆ, ಅಂಚೆ ಸೇರಿ ಒಂಬತ್ತು ಸಾವಿರ ನೀರುಪಾಲು. ಎರಡನೇ ವರ್ಷ 12 ಪ್ಯಾನಿನ ಸೆಟ್ಟು 1200ರಂತೆ ಎಪ್ಪತ್ತರ ಹತ್ತಿರ ಹೋಯಿತು, ಕೈಗುಳಿದದ್ದು 50,000 ಇರಬಹುದು. 2021ರ ಚಿತ್ರಸಂತೆ ಆನ್‌ಲೈನ್ ಆಗಿತ್ತು, ನನ್ನದು ಎರಡೇ ಚಿತ್ರ ಹೋಯಿತು. ಮಣ್ಣಿನ ಬಣ್ಣ ಪರದೆಯಲ್ಲಿ ಸತ್ತ ಹಾಗೆ ಕಾಣುತ್ತದೆ. 2022ರಲ್ಲಿ ಸಂತೆ ಜನವರಿಯಿಂದ ಮುಂದೆ ಹೋಗಿ ಮಾರ್ಚ್ 27ಕ್ಕೆ ಕುಮಾರಕೃಪಾ ರಸ್ತೆಗೆ ವಾಪಸ್ ಬಂತು. ಚಿತ್ರದ ಪಕ್ಕ ಒಂದೊಂದು ಗಾಜಿನ ಶೀಶೆಯಲ್ಲಿ ಆಯಾ ಮಣ್ಣು ಇಟ್ಟಿದ್ದೆ. ಜನ ಬಗ್ಗಿ ಶೀಶೆ ನೋಡಿ, ತಮ್ಮ ಊರು ಹುಡುಕುತ್ತಿದ್ದರು. "ನಮ್ಮ ಗದಗಿಂದು ಇಲ್ವಾ?" ಅಂತ ಒಬ್ಬರು ಬೇಸರ ಮಾಡಿಕೊಂಡರು. ಸಂಜೆಗೆ 14 ಚಿತ್ರ, 38,000 ರೂಪಾಯಿ. ಗುಂಪಿನ 11 ಜನ ಮೊದಲ ಸಲ ಮುಖಾಮುಖಿ ಆದೆವು. ಹಿರಿಯರು ನನ್ನ ಮಳಿಗೆಯ ಮುಂದೆ ಅರ್ಧ ಗಂಟೆ ನಿಂತು, ಏನೂ ಹೇಳದೆ ನಾಲ್ಕು ಪ್ಯಾನ್ ಆರಿಸಿ ದುಡ್ಡು ಕೊಟ್ಟರು. ಬೇಡ ಅಂದರೂ ಬಿಡಲಿಲ್ಲ.

ಮಾಸ್ತರ್ರ ಎರೆಯ ಮೂರು ಪ್ಯಾನಿನಲ್ಲಿ ಎರಡನ್ನು ಅವರ ಮಗಳಿಗೆ ಕಳಿಸಿದ್ದೆ, ಆ ಪೊಟ್ಟಣದ ಹಾಳೆಯನ್ನೂ ಜತೆಗಿಟ್ಟು. ಅವಳು ಮೊದಲು ಚಿತ್ರ ಬರೆದವಳಲ್ಲ. ಈಗ ಹೊಲ, ಬೇವಿನ ಮರ, ಎತ್ತು ಬರೆದು ಗುಂಪಿಗೆ ಹಾಕುತ್ತಾಳೆ. ಒಂದು ಪ್ಯಾನ್ ತಳ ಕಂಡಿದೆಯಂತೆ. ಸುಗ್ಗಿ ಮುಗಿದ ಮೇಲೆ ಎರಡು ಕಿಲೋ ಮಣ್ಣು ಕಳಿಸುತ್ತೇನೆ ಅಂದಿದ್ದಾಳೆ, ನಾನು ಗಡಿಗೆ ತಂದಿಟ್ಟಿದ್ದೇನೆ.